ನೀಲಿ ಉರಿ ಅಡಗಿದ ಮೇಲೆ

ನಾರಿನ್ ಪಟ್ಟಣ,
೨೦೨೩ನೆಯ ಇಸವಿ, ನವೆಂಬರ್ ೧೯, ಭಾನುವಾರ

ಪರಮ ದಯಾಳುವಿನ ನಾಮವನ್ನು ಸ್ಮರಿಸಿ,

ಚಿರಂಜೀವಿ ಮಗಳು ನಾಸಿಪಾಳಿಗೆ ತಂದೆ ಜುಮಾದಿಲನ ಸಲಾಮು ಮತ್ತು ಆಶೀರ್ವಾದ. ನೀನೂ ನಿನ್ನ ಹೊಲಿಗೆಯಂಗಡಿಯ ಜೊತೆಗಾತಿಯರೂ ಟೊಕ್‌ಮೊಕ್‌ನಲ್ಲಿ ಸುಖವಾಗಿರುವಿರೆಂದು ನಂಬಿದ್ದೇನೆ. ಇಲ್ಲಿ ನಾನೂ ನಿನ್ನ ತಾಯಿಯೂ ಕ್ಷೇಮ. ಅವಳ ಮೊಣಕಾಲು ಹಿಮಕ್ಕೆ ಮೊದಲೇ ಹಿಮದ ಸುದ್ದಿ ಹೇಳುತ್ತದೆ. ಈ ವರ್ಷವೂ ತಪ್ಪು ಹೇಳಲಿಲ್ಲ.

ಈ ಪತ್ರವು ಸೆಪ್ಟೆಂಬರಿನಲ್ಲಿಯೇ ನಿನ್ನ ಕೈ ಸೇರಬೇಕಾಗಿತ್ತು. ತಡವಾದುದಕ್ಕೆ ಅಂಚೆಯನ್ನು ದೂರುವುದಿಲ್ಲ, ತಡಮಾಡಿದವನು ನಾನೇ. ಪ್ರತಿ ಭಾನುವಾರ ನೀನು ತಾಯಿಯೊಡನೆ ಫೋನಿನಲ್ಲಿ ಮಾತನಾಡುವಾಗ ನಾನು ಗೋಡೆಯಾಚೆ ಕುಳಿತಿರುತ್ತೇನೆ. "ಅಪ್ಪ ಹೇಗಿದ್ದಾರೆ?" ಎಂದು ನೀನು ಕೇಳುತ್ತೀ, "ಇದ್ದಾರೆ, ಚೆನ್ನಾಗೇ ಇದ್ದಾರೆ" ಎಂದು ಅವಳು ಹೇಳುತ್ತಾಳೆ. ಹನ್ನೊಂದು ವರ್ಷಗಳಿಂದ ನಮ್ಮಿಬ್ಬರ ಸಂಭಾಷಣೆ ಇಷ್ಟರಲ್ಲಿಯೇ ಮುಗಿಯುತ್ತಿದೆ. ಆದಕಾರಣ ಫೋನನ್ನು ಬಿಟ್ಟು ಲೇಖನಿಯನ್ನು ಹಿಡಿದಿದ್ದೇನೆ. ಕಾಗದವಾದರೆ ನೀನು ಅದನ್ನು ತಾಯಿಯ ಕೈಗೆ ದಾಟಿಸಲಾರೆ.

ನಾನೀಗ ಒಂದು ಜಗಳದ ನಡುವೆ ನಿಂತಿದ್ದೇನೆ. ಎಪ್ಪತ್ತಮೂರು ವರ್ಷದವನಿಗೆ ಜಗಳ ಶೋಭಿಸದು ಎಂದು ಮಸೀದಿಯ ಹಿರಿಯರೊಬ್ಬರು ಬುದ್ಧಿ ಹೇಳಿದರು. ಶೋಭೆಗಾಗಿ ನಾನು ಜಗಳಕ್ಕೆ ನಿಂತಿಲ್ಲ ಎಂದೆ. ಒಂದು ಪಾಠದಲ್ಲಿ, ಒಂದು ನಿಮಿಷದ ಒಂದು ಮಾತು, ನನ್ನ ಹೆಸರಿನೊಂದಿಗೆ ಇರಬೇಕೋ ಬೇಡವೋ ಎಂಬುದೇ ವಿವಾದ. ಇರಬೇಕೆಂಬುದು ನನ್ನ ಪಕ್ಷ. ಈಚೆಯ ಕಡೆ ನಾನು ಮತ್ತು ಬೆಗಾಯಿಮ್ ಎಂಬ ಹುಡುಗಿ. ಆಚೆಯ ಕಡೆ ಉಳಿದ ಎಲ್ಲರೂ. ಆರಂಭದಿಂದಲೇ ಹೇಳುತ್ತೇನೆ.

ಏಪ್ರಿಲ್ ತಿಂಗಳಲ್ಲಿ ಇಲ್ಲಿನ ತರಬೇತಿ ಕೇಂದ್ರದ ಮುಖ್ಯಸ್ಥ ತೊಲ್ಕುನ್‌ಬೆಕ್ ಒಂದು ಡಬ್ಬಿ ಮಿಠಾಯಿಯೊಡನೆ ಮನೆಗೆ ಬಂದ. ಕಲ್ಲಿದ್ದಲಿನ ಕಾಣದ ಹೊಗೆಗೆ ಪ್ರತಿ ಚಳಿಗಾಲವೂ ನಮ್ಮ ಕಣಿವೆಯಲ್ಲಿ ಮನೆಮನೆಗಳು ಬಲಿಯಾಗುತ್ತಿವೆ. ಒಲೆ ಕಟ್ಟುವ ಉಸ್ತಾಗಳಿಗೂ ಒಲೆ ಉರಿಸುವ ಹೆಂಗಸರಿಗೂ ಫೋನಿನಲ್ಲಿಯೇ ಕಲಿಯಬಹುದಾದ ಹನ್ನೆರಡು ಪಾಠಗಳ ಕೋರ್ಸೊಂದನ್ನು ಮಾಡಬೇಕಾಗಿದೆ. ಕಸುಬಿನ ಶಾಲೆಯಲ್ಲಿ ಮೂವತ್ತೊಂದು ವರ್ಷ ಒಲೆಯ ವಿದ್ಯೆ ಕಲಿಸಿದವನು ನಾನು. ಆದ್ದರಿಂದ ಪಾಠ ನನ್ನದು, ದನಿ ನನ್ನದು. ಹೀಗೆಂದು ಅವನು ವಿಷಯವನ್ನು ಮುಂದಿಟ್ಟ.

"ಹೆಚ್ಚು ಕೆಲಸ ಇಲ್ಲ ತಾತ," ಎಂದ. "ನೀವು ಮಾತಾಡೋದು, ನಮ್ಮ ಹುಡುಗಿ ಗುಂಡಿ ಒತ್ತೋದು. ಎರಡು ವಾರ ಸಾಕು."

ಮಗಳೇ, ಎಂಟು ತಿಂಗಳಾಯಿತು.

ಗುಂಡಿ ಒತ್ತುವ ಹುಡುಗಿಯೇ ಬೆಗಾಯಿಮ್. ವಯಸ್ಸು ಇಪ್ಪತ್ತಾರು, ಬಿಷ್ಕೆಕ್‌ನಲ್ಲಿ ಓದಿದವಳು. ಎರಡು ಕಂಪ್ಯೂಟರ್, ಮುಷ್ಟಿಯಷ್ಟು ದೊಡ್ಡ ಒಂದು ಮೈಕು, ಮೂರು ಕಾಲಿನ ಕ್ಯಾಮೆರಾ, ಇವಿಷ್ಟೇ ಅವಳ ಸಾಮಗ್ರಿ. ಮೊದಲ ದಿನ ಅವಳು ನನ್ನ ಮುಂದೆ ಕಾಗದವನ್ನಿಟ್ಟು ಅದರಲ್ಲಿ ಮೂರು ಅಂಕಣಗಳನ್ನು ಎಳೆದಳು. ಮೊದಲನೆಯದರಲ್ಲಿ ಪರದೆಯ ಮೇಲೆ ಏನು ಕಾಣಬೇಕು ಎಂಬುದು. ಎರಡನೆಯದರಲ್ಲಿ ಏನು ಕೇಳಬೇಕು ಎಂಬುದು. ಈ ಎರಡನ್ನೂ ನಾನು ಒಂದೇ ಬೆಳಗಿನಲ್ಲಿ ತುಂಬಿಸಿ, ಜಯಶಾಲಿಯಂತೆ ಚಹಾಕ್ಕೆ ಕೈಚಾಚಿದೆ.

"ಮೂರನೇದು ಖಾಲಿ ಇದೆ ತಾತ," ಎಂದಳು.

"ಅದ್ರಲ್ಲಿ ಏನು ಬರೀಬೇಕು?"

"ಕಲಿಯೋರು ಏನು ಮಾಡ್ತಾರೆ ಅಂತ."

"ಕೂತ್ಕೊಂಡು ಕೇಳ್ತಾರೆ. ಇನ್ನೇನು ಮಾಡ್ತಾರೆ?"

"ಎದುರುಗಡೆ ನೀವು ನಿಂತಿದ್ರೆ ಕೂತ್ಕೊಂಡು ಕೇಳ್ತಾರೆ. ಇಲ್ಲಿ ನೀವಿರಲ್ಲ. ಕೈಗೆ ಕೆಲಸ ಕೊಡ್ಲಿಲ್ಲ ಅಂದ್ರೆ ಪಾಠ ಅದರ ಪಾಡಿಗೆ ಓಡ್ತಿರುತ್ತೆ, ಅವರು ಹಸು ಕರೆಯೋಕೆ ಹೋಗಿರ್ತಾರೆ."

ಆ ಮೂರನೆಯ ಅಂಕಣ ನನ್ನನ್ನು ಬಹಳ ಕಾಡಿತು. ಮೂವತ್ತೊಂದು ವರ್ಷ ನಾನು ಆಡಿದೆ, ಅವರು ಬರೆದುಕೊಂಡರು, ಪರೀಕ್ಷೆಯ ದಿನ ನಾನು ಆಡಿದ್ದನ್ನೇ ನನಗೆ ಹಿಂದಿರುಗಿಸಿದರು. ನನ್ನ ಮಾತನ್ನು ಹೊತ್ತುಕೊಂಡು ಹೋದವರು ತಮ್ಮ ಮನೆಯ ಒಲೆಯ ಮುಂದೆ ಅದರಿಂದ ಏನು ಮಾಡುತ್ತಾರೆ ಎಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಇನ್ನು ದನಿಯ ವಿಷಯ. ನಮ್ಮ ಬೀದಿಯಲ್ಲಿ ಕತ್ತೆ, ನಾಯಿ, ಮಾರುತಿರುಗುವವರ ಕೂಗು, ಯಾವುದಕ್ಕೂ ಬಿಡುವಿಲ್ಲ. ಸದ್ದು ಇಂಗಿಹೋಗುವ ಜಾಗ ಬೇಕೆಂದು ಬೆಗಾಯಿಮ್ ಮನೆಯೆಲ್ಲ ಚಪ್ಪಾಳೆ ತಟ್ಟುತ್ತ ಓಡಾಡಿ, ಕೊನೆಗೆ ನಿನ್ನ ತಾಯಿ ಹಾಸಿಗೆ ರಜಾಯಿಗಳನ್ನು ಒಟ್ಟಿರುವ ಬೀರುವಿನ ಮುಂದೆ ನಿಂತಳು. ಅರ್ಧ ರಜಾಯಿಗಳನ್ನು ಹೊರತೆಗೆದು ನನ್ನನ್ನು ಒಳಗೆ ಕೂರಿಸಿ, ಉಳಿದವನ್ನು ಸುತ್ತ ತುರುಕಿ, ಬಾಗಿಲು ಮುಂದಕ್ಕೆಳೆದಳು. ನಾನು ಪ್ರತಿದಿನ ನಮಾಜಿಗೆ ಮೊದಲಿನಂತೆ ಕೈಕಾಲು ಮುಖ ತೊಳೆದು ವುಜೂ ಮಾಡಿಕೊಂಡು, ದೈವನಾಮ ಹೇಳಿ ಒಳಗೆ ಹೋಗುತ್ತಿದ್ದೆ.

"ಮುದುಕ," ಎಂದು ನಿನ್ನ ತಾಯಿ ಹೊರಗಿನಿಂದ ಕೇಳಿದಳು, "ಗೋರಿಗೆ ಹೋಗೋಕೆ ಮುಂಚೇನೇ ಅಭ್ಯಾಸ ಮಾಡ್ಕೋತಿದ್ದೀಯಾ? ಅಲ್ಲಿ ರಜಾಯಿ ಕೊಡಲ್ಲ ಕಣೋ."

ಅದೂ ಮೈಕಿನಲ್ಲಿ ಸೇರಿಹೋಯಿತು. ಮತ್ತೆ ಮೊದಲಿನಿಂದ.

ನನ್ನ ವಾಕ್ಯಗಳ ಗತಿಯಂತೂ ಕೇಳಬೇಡ. ನಮ್ಮ ಗುರುಗಳು ಕಲಿಸಿದ ಗದ್ಯದಲ್ಲಿ ವಾಕ್ಯವೆಂದರೆ ಒಂಟೆಗಳ ಸಾಲು. ಮೊದಲನೆಯ ಒಂಟೆ ಊರು ಮುಟ್ಟಿದರೂ ಕೊನೆಯದು ಇನ್ನೂ ಕಣಿವೆಯಲ್ಲಿರುತ್ತದೆ. ಬೆಗಾಯಿಮ್ ಅವನ್ನು ಹನ್ನೆರಡು ಹನ್ನೆರಡು ಪದಗಳಿಗೆ ಕತ್ತರಿಸಿದಳು. ಮೊದಲ ವಾರ ನನಗೆ ಕೋಪ ಬಂದಿತು. ಎರಡನೆಯ ವಾರ ನಾನೇ ಕತ್ತರಿ ಹಿಡಿದೆ. ಆ ಕಸರತ್ತೆಲ್ಲ ಪಾಠಕ್ಕೆ ಮಾತ್ರ. ನಿನಗೆ ಬರೆಯುವಾಗ ನನ್ನ ಒಂಟೆಗಳನ್ನು ಬಿಚ್ಚಿಬಿಟ್ಟಿದ್ದೇನೆ, ಸಹಿಸಿಕೋ.

ಏಳು ನಿಮಿಷದ ಒಂದು ಪಾಠಕ್ಕೆ ಹನ್ನೆರಡು ದಿನ ಹಿಡಿಯುತ್ತಿತ್ತು. ದನಿ, ಚಿತ್ರ, ಬರಹ ಇವು ಒಂದರ ಹೆಗಲ ಮೇಲೊಂದು ಸರಿಯಾಗಿ ಕೂರಬೇಕು. ಒಂದು ಮಾತು ತಿದ್ದಿದರೆ ಎಲ್ಲವನ್ನೂ ಬಿಚ್ಚಿ ಕಟ್ಟಬೇಕು. ಅಷ್ಟಾದ ಮೇಲೆ ಹಾಲು ಮಾರುವ ಹೆಂಗಸಿನ ಗಾಜೊಡೆದ ಫೋನನ್ನು ಬೇಡಿ ತಂದು ಅದರಲ್ಲಿ ಪರೀಕ್ಷೆ. ಆಕೆಯ ಹೆಬ್ಬೆರಳು ಚಳಿಗೆ ಒಡೆದು ಗಟ್ಟಿಯಾಗಿದೆ. ಗುಂಡಿ ಒತ್ತಿದರೆ ಪಕ್ಕದ ಗುಂಡಿ ಒತ್ತಿಹೋಗುತ್ತದೆ. "ಇದೇನು ಚಿಗಟಕ್ಕೆ ಮಾಡಿದ ಗುಂಡಿಯಾ?" ಎಂದಳು. ಎಲ್ಲ ಪಾಠಗಳ ಎಲ್ಲ ಗುಂಡಿಗಳೂ ದೊಡ್ಡದಾದುವು. ಹಳ್ಳಿಗಳಲ್ಲಿ ಇಂಟರ್ನೆಟ್ ತೊಟ್ಟಿಕ್ಕುತ್ತದೆಯೇ ಹೊರತು ಹರಿಯುವುದಿಲ್ಲವೆಂದು ಭಾರವಾದ ವಿಡಿಯೊಗಳನ್ನು ತೆಗೆದು ಗೆರೆಚಿತ್ರಗಳನ್ನು ಹಾಕಬೇಕಾಯಿತು. ಆ ಚಿತ್ರಗಳ ಒಂದೊಂದು ಇಟ್ಟಿಗೆಯನ್ನೂ ಅವಳು ಕೈಯಾರೆ ಬರೆದಳು. ಇಟ್ಟಿಗೆಯ ಜೋಡಣೆ ತಪ್ಪಿದೆ ಎಂದು ನಾನು ಹೇಳಿದಾಗ ಕೂಡಲೇ ಅಳಿಸಿ ಮತ್ತೆ ಬರೆದಳು. ಆ ದಿನದಿಂದ ಅವಳನ್ನು ನಾನು ಉಸ್ತಾ ಎಂದೇ ಕರೆಯುತ್ತೇನೆ.

ಹೀಗೆ ನಾವು ಏಳನೆಯ ಪಾಠಕ್ಕೆ ಬಂದೆವು. ಹೊಗೆಗೂಡಿನ ತಗಡನ್ನು ಯಾವಾಗ ತಳ್ಳಬೇಕೆಂಬ ಪಾಠ ಅದು.

ನಿನಗೆ ನಾನು ವಿವರಿಸಬೇಕಾಗಿಲ್ಲ. ಉರಿ ಇಳಿದ ಮೇಲೆ ಹೊಗೆಗೂಡಿನ ಕಬ್ಬಿಣದ ತಗಡನ್ನು ಒಳಕ್ಕೆ ತಳ್ಳಿ ದಾರಿ ಮುಚ್ಚಿದರೆ ಒಲೆಯ ಶಾಖ ಮನೆಯಲ್ಲಿಯೇ ಉಳಿಯುತ್ತದೆ. ಬೇಗ ತಳ್ಳಿದರೆ ಕಾಣದ ಹೊಗೆಯೂ ಉಳಿಯುತ್ತದೆ. ನಮ್ಮಲ್ಲಿ ಸೊಸೆಯ ಜಾಣತನವನ್ನು ಅಳೆಯುವುದೇ ಆ ತಗಡಿನಿಂದ. ಬೆಳಗ್ಗೆ ಅತ್ತೆ ಒಲೆಯ ಮೈಮೇಲೆ ಅಂಗೈ ಇಟ್ಟು ನೋಡುತ್ತಾಳೆ. ಬೆಚ್ಚಗಿದ್ದರೆ ಸೊಸೆ ಮನೆ ನಡೆಸಬಲ್ಲವಳು, ತಣ್ಣಗಿದ್ದರೆ ಕಲ್ಲಿದ್ದಲು ತಿನ್ನುವವಳು. ತಗಡಿನಲ್ಲಿ ಹೆಬ್ಬೆರಳಿನಷ್ಟು ತೂತು ಇರಬೇಕೆಂದು ಕಟ್ಟುವವರ ಪುಸ್ತಕಗಳು ಹೇಳುತ್ತವೆ. "ತೂತಿಂದ ಶಾಖವೆಲ್ಲ ಆಕಾಶಕ್ಕೆ ಹೋಗುತ್ತೆ ಉಸ್ತಾ, ನಮಗೆ ತೂತಿಲ್ಲದ್ದೇ ಹಾಕಿ" ಎಂದು ಜನ ಬೇಡಿದರು. ನಾನು ತೂತಿಲ್ಲದ್ದನ್ನೇ ಹಾಕಿದೆ. ಅದಕ್ಕೆ ಪ್ರತಿಯಾಗಿ ಒಂದು ಸೂತ್ರವನ್ನು ಕೊಟ್ಟೆ: ಕೆಂಡದ ಮೇಲೆ ಆಡುವ ನೀಲಿ ಉರಿ ಪೂರ್ತಿ ಅಡಗಿದ ಮೇಲೆ ತಗಡು ತಳ್ಳಿ, ಭಯವಿಲ್ಲ. ನಾರಿನ್‌ನಲ್ಲಿ ಈ ಸೂತ್ರ ತಿಳಿಯದ ಮನೆಯಿಲ್ಲ. ನನ್ನ ಹೆಸರೇ ಅದರ ಮುದ್ರೆ.

ಸೆಪ್ಟೆಂಬರಿನ ಒಂದು ಬೆಳಗ್ಗೆ ಹತ್ತು ಗಂಟೆಗೆ ಶಾಲೆಯ ಅಂಗಳದಲ್ಲಿರುವ ಕೋಣೆಯಲ್ಲಿ, ನಾನೇ ಕಟ್ಟಿದ ಒಲೆಯ ಮುಂದೆ ಕ್ಯಾಮೆರಾ ನಿಂತಿತು. ನಾನು ಬಿಳಿಯ ಟೋಪಿ ಧರಿಸಿ, ನೀಲಿ ಉರಿ ಅಡಗುವುದನ್ನು ಕಾದು, ತಗಡು ತಳ್ಳಿ, ಕ್ಯಾಮೆರಾದ ಕಡೆ ತಿರುಗಿ, "ಈಗ ಭಯವಿಲ್ಲ" ಎಂದು ಹೇಳಬೇಕಾಗಿತ್ತು, ಹೇಳಿದೆ. ಒಂಬತ್ತನೆಯ ಪಾಠಕ್ಕೆಂದು ಬೆಗಾಯಿಮ್ ವಿಷದ ಗಾಳಿಯನ್ನಳೆಯುವ ಒಂದು ಚಿಕ್ಕ ಮೀಟರ್ ತರಿಸಿದ್ದಳು. ಇಡಲು ಬೇರೆ ಜಾಗವಿಲ್ಲದೆ ಅದನ್ನು ಮೂಲೆಯ ಮಂಚದ ಮೇಲೆ, ತಲೆದಿಂಬು ಇರುವ ಎಡೆಯಲ್ಲಿ ಇಟ್ಟಿದ್ದಳು.

ಅವಳು ಒಲೆಯನ್ನು ಬೇರೆ ಬೇರೆ ಕಡೆಯಿಂದ ಚಿತ್ರಿಸುತ್ತಿದ್ದಳು. ಕಾಲು ಗಂಟೆ ಕಳೆದಿರಬೇಕು. ಮೀಟರ್ ಕೂಗತೊಡಗಿತು.

"ತಾತ, ಹೊರಗೆ ಬನ್ನಿ," ಎಂದಳು.

"ನೀಲಿ ಹೋಗಿದೆ ಮಗಳೇ. ನೋಡು, ಒಂದೆಳೆಯೂ ಇಲ್ಲ."

"ನೋಡಿದೆ. ಹೊರಗೆ ಬನ್ನಿ."

ತೊಲ್ಕುನ್‌ಬೆಕ್ ಬಾಗಿಲಲ್ಲಿದ್ದ. "ಮೀಟರ್ ಕೆಟ್ಟಿರ್ಬೇಕು," ಎಂದ. "ಅದನ್ನ ಆಫ್ ಮಾಡಿ ಇನ್ನೊಂದು ಸಲ ತೆಗೀರಿ. ಪಾಠ ಹೆಂಗಿದ್ರೂ ಮಂಜೂರಾಗಿದೆ."

ಆಫ್ ಮಾಡಲು ನಾನು ಬಿಡಲಿಲ್ಲ. ಆಸ್ಪತ್ರೆಯ ಪರಿಚಯದವರಿಂದ ಇನ್ನೊಂದು ಮೀಟರ್ ತರಿಸಿದೆ. ಮೂರು ದಿನ, ಮೂರು ಗಣಿಗಳ ಕಲ್ಲಿದ್ದಲು, ಎರಡು ಮೀಟರು. ಪ್ರತಿ ಸಲವೂ ನೀಲಿ ಉರಿ ಅಡಗಿತು, ಪ್ರತಿ ಸಲವೂ ನಾನು ತಗಡು ತಳ್ಳಿದೆ, ಪ್ರತಿ ಸಲವೂ ಅಂಕೆ ಏರಿತು: ನಲವತ್ತು, ತೊಂಬತ್ತು, ಇನ್ನೂರರ ಮೇಲೆ. ನಾಲ್ಕನೆಯ ದಿನ ತಗಡಿಗೆ ತೂತು ಕೊರೆದು, ಕೆಂಡವು ಬೂದಿಯಾಗುವವರೆಗೆ ಅದನ್ನು ಮುಟ್ಟದೆ ಬಿಟ್ಟು ಆಮೇಲೆ ತಳ್ಳಿದೆ. ಮೀಟರ್ ಸುಮ್ಮನಿತ್ತು. ಕೆಂಡ ಕೆಂಪಗಿರುವಷ್ಟು ಕಾಲವೂ ಅದು ಉಸಿರಾಡುತ್ತಿರುತ್ತದೆ, ಮಗಳೇ. ನೀಲಿ ಕಾಣದಿದ್ದರೆ ಆ ಉಸಿರು ನಮ್ಮ ಕಣ್ಣಿಗೆ ಕಾಣುತ್ತಿಲ್ಲವೆಂದಷ್ಟೇ ಅರ್ಥ.

ನಾನು ಹೊರಗೆ ಕಲ್ಲಿದ್ದಲಿನ ಚೀಲದ ಮೇಲೆ ಕುಳಿತೆ. ಬೆಗಾಯಿಮ್ ಚಹಾ ತಂದುಕೊಟ್ಟಳು. ಅದನ್ನು ಕುಡಿದೆನೋ ಚೆಲ್ಲಿದೆನೋ ನೆನಪಿಲ್ಲ.

ಮರುದಿನ ಬೆಳಗ್ಗೆ ನಾನು ಏಳನೆಯ ಪಾಠದ ಕಾಗದವನ್ನು ಹರಿದು ಹೊಸದನ್ನು ಎಳೆದೆ. ಈ ಸಲ ಮೂರನೆಯ ಅಂಕಣದಿಂದ ಆರಂಭಿಸಿದೆ. ಬೆಗಾಯಿಮ್ ಅದನ್ನು ಕಟ್ಟಿದ ಬಗೆ ಹೀಗಿದೆ. ಪರದೆಯ ಮೇಲೆ ಒಲೆ ಉರಿಯುತ್ತದೆ. ಹಳದಿ ಉರಿ, ಆಮೇಲೆ ನೀಲಿ, ಆಮೇಲೆ ಬರಿಯ ಕೆಂಪು. ಕಲಿಯುವವರು ತಗಡಿನ ಮೇಲೆ ಬೆರಳಿಟ್ಟು, ಸಮಯ ಬಂದಿತೆಂದು ತೋರಿದಾಗ ತಳ್ಳಬೇಕು. ಕೆಂಡವಿರುವಾಗ ಯಾವ ಗಳಿಗೆಯಲ್ಲಿ ತಳ್ಳಿದರೂ ಮೂಲೆಯಲ್ಲಿ ಮೀಟರ್ ಪ್ರತ್ಯಕ್ಷವಾಗಿ ಅಂಕೆ ಏರುತ್ತದೆ, ಪರದೆ ಕಪ್ಪಾಗುತ್ತದೆ. ಒಂದು ನಿಮಿಷ ಯಾವ ಗುಂಡಿಯೂ ಇರುವುದಿಲ್ಲ, ಮುಂದೆ ಹೋಗುವುದಕ್ಕೂ ಇಲ್ಲ, ಹಿಂದೆ ಬರುವುದಕ್ಕೂ ಇಲ್ಲ. ಆ ಕತ್ತಲಲ್ಲಿ ನನ್ನ ದನಿ ಹೀಗೆ ಹೇಳುತ್ತದೆ: "ನಾನು ಜುಮಾದಿಲ್. ನೀಲಿ ಅಡಗಿದರೆ ಭಯವಿಲ್ಲವೆಂದು ಮೂವತ್ತೊಂದು ವರ್ಷ ಕಲಿಸಿದವನು ನಾನೇ. ಅದು ತಪ್ಪು. ಅದನ್ನು ನಂಬಿ ತಗಡು ತಳ್ಳಿದವರದು ತಪ್ಪಲ್ಲ." ಬೆಳಕು ಮರಳಿದಾಗ ತಗಡಿನ ಪಕ್ಕದಲ್ಲಿ ಡ್ರಿಲ್ ಯಂತ್ರದ ಚಿತ್ರವಿರುತ್ತದೆ, ಅದನ್ನೆಳೆದು ತೂತು ಕೊರೆದು, ಕೆಂಡ ಬೂದಿಯಾಗುವವರೆಗೆ ಕೈಕಟ್ಟಿ ಕೂರುವವರು ಮಾತ್ರ ಎಂಟನೆಯ ಪಾಠಕ್ಕೆ ಹೋಗಬಹುದು.

ಇದನ್ನು ಪರಿಶೀಲನಾ ಸಮಿತಿಯ ಮುಂದಿಟ್ಟೆವು. ಸಮಿತಿಯೆಂದರೆ ಒಲೆ ಕಟ್ಟುವ ಮೂವರು ಉಸ್ತಾಗಳು. ಮೂವರೂ ನನ್ನ ಶಿಷ್ಯರು. ಹಿರಿಯ ಮೈರಂಬೆಕ್‌ನನ್ನು ನೀನು ಬಲ್ಲೆ. ನಮ್ಮ ಮನೆಯಲ್ಲಿ ಕುರಿಯ ತಲೆಯನ್ನು ಹಂಚುವಾಗ ಕಿವಿಗಾಗಿ ಹಟ ಮಾಡುತ್ತಿದ್ದವನು.

"ಉಸ್ತಾ, ಇದು ನಿಮ್ಮ ಮಾತಿಗೇ ವಿರುದ್ಧ," ಎಂದ.

"ಹೌದು, ವಿರುದ್ಧವೇ."

"ಹಾಗಾದ್ರೆ ನಾವು ಯಾವ ಜುಮಾದಿಲ್ ಉಸ್ತಾನ ಮಾತು ಕೇಳೋದು? ಹಳಬನದೋ ಹೊಸಬನದೋ?"

"ಮೀಟರಿನ ಮಾತು ಕೇಳು."

"ಮೀಟರ್ ನನಗೆ ಕಸುಬು ಕಲಿಸ್ಲಿಲ್ಲ. ನೀವು ಕಲಿಸಿದ್ರಿ. ಮರೆತಾಗೆಲ್ಲ ಕೈಮೇಲೆ ಏಟು ಕೊಟ್ಟು ಕಲಿಸಿದ್ರಿ." ದನಿ ತಗ್ಗಿಸಿದ. "ಊರಲ್ಲಿ ಅರ್ಧ ಮನೆಗೆ ತೂತಿಲ್ಲದ ತಗಡು ಹಾಕಿರೋದು ನಾವೇ. ಇದು ಹೊರಗೆ ಬಂದ್ರೆ ನಾಳೆ ಎಲ್ರೂ ನಮ್ಮ ಬಾಗಿಲಿಗೆ ಬರ್ತಾರೆ."

"ಬರಲಿ. ಬಂದೋರ ಜೊತೆ ಡ್ರಿಲ್ ತಗೊಂಡು ಹೊರಡು. ಐದು ನಿಮಿಷದ ಕೆಲಸ."

"ಈ ಚಳಿಗಾಲ ನಿಮ್ಮ ಹೆಸರು ಎತ್ತಿ ಬೈತಾರೆ ಉಸ್ತಾ."

"ಅದಕ್ಕೇ ಹೆಸರು ಹಾಕ್ತಿರೋದು. ಇಲ್ದೇ ಹೋದ್ರೆ ಯಾರನ್ನ ಬೈಬೇಕು ಅಂತ ತಿಳಿಯೋದು ಹೇಗೆ?"

ತೊಲ್ಕುನ್‌ಬೆಕ್‌ನ ಚಿಂತೆ ಬೇರೆಯಾಗಿತ್ತು. ಎಷ್ಟು ಜನ ಕೋರ್ಸ್ ಹಿಡಿದು ಎಷ್ಟು ಜನ ಮುಗಿಸಿದರು ಎಂಬುದನ್ನು ಅವನು ಮೇಲಿನವರಿಗೆ ಕಳುಹಿಸಬೇಕು. ಒಂದು ನಿಮಿಷ ಕಪ್ಪು ಪರದೆ ನೋಡಿಕೊಂಡು ಯಾರು ಕೂರುತ್ತಾರೆ, ಎಲ್ಲರೂ ನಪಾಸಾಗುವ ಪ್ರಶ್ನೆಯೂ ಒಂದು ಪ್ರಶ್ನೆಯೇ ಎಂದು ಕೇಳಿದ. ಕೊನೆಗೆ ಮೃದುವಾಗಿ, "ಸರಿ ತಾತ, ತಪ್ಪನ್ನ ತಿದ್ದೋಣ," ಎಂದ. "ಆದ್ರೆ ನಿಮ್ಮ ಹೆಸರು ಯಾಕೆ? ಹಿಂದೆ ಕೆಲವರು ಹೀಗೆ ತಿಳ್ಕೊಂಡಿದ್ರು ಅಂದ್ರೆ ಸಾಕಲ್ಲ. ನಿಮ್ಮ ಮರ್ಯಾದೆಗೋಸ್ಕರಾನೇ ಹೇಳ್ತಿದ್ದೀನಿ."

"ನನ್ನ ಮರ್ಯಾದೆ ನಾನು ನೋಡ್ಕೋತೀನಿ. ಆ ಕೆಲವರಿಗೆ ಒಂದು ಮನೆ, ಒಂದು ಹೆಸರು, ಒಂದು ಗಡ್ಡ ಇದೆ. ಅದು ನಿನ್ನ ಎದುರಿಗೇ ಕೂತಿದೆ," ಎಂದು ಎದ್ದು ಬಂದೆ.

ಜಗಳ ಇಲ್ಲಿಗೆ ಬಂದು ನಿಂತಿದೆ. ಅವರ ಬಳಿ ಅಧಿಕಾರವಿದೆ. ನನ್ನ ಬಳಿ ಒಂದು ಕಾಗದವಿದೆ: ನನ್ನ ದನಿಯನ್ನು ಬಳಸಲು ಒಪ್ಪಿಗೆ ಕೊಡುವ ಪತ್ರ. ಬೇಸಿಗೆಯಿಂದಲೂ ಸಹಿಗೆಂದು ಮೇಜಿನ ಮೇಲೆ ಬಿದ್ದಿದೆ, ನಾನಿನ್ನೂ ಸಹಿ ಹಾಕಿಲ್ಲ. ಏಳನೆಯ ಪಾಠ ನನ್ನ ಹೆಸರಿನೊಂದಿಗೆ ಹೋಗದಿದ್ದರೆ ಹನ್ನೆರಡು ಪಾಠಗಳೂ ಮೂಕವಾಗಿಯೇ ಹೋಗಲಿ ಎಂದು ಹೇಳಿ ಕಳುಹಿಸಿದ್ದೇನೆ. ಬೆಗಾಯಿಮ್ ಕೂಡ, "ಹಂಗಿದ್ರೆ ನನ್ನ ಹೆಸರೂ ತೆಗೀರಿ, ಚಿತ್ರಾನೂ ತೆಗೀರಿ, ಗುಂಡಿ ನೀವೇ ಒತ್ಕೊಳ್ಳಿ" ಎಂದಳಂತೆ. ಅವಳ ಕೆಲಸ ಹೋಗಬಹುದೆಂಬುದೊಂದೇ ನನ್ನ ಸಂಕಟ. ಅವಳಿಗೆ ಹೇಳಿದರೆ ನಗುತ್ತಾಳೆ.

ಈ ಪತ್ರವನ್ನು ಈಗಲೇ ಕಳುಹಿಸುವುದಿಲ್ಲ. ಗೆದ್ದೆನೋ ಸೋತೆನೋ ತಿಳಿದ ಮೇಲೆ ಮುಂದುವರಿಸುತ್ತೇನೆ.

ಡಿಸೆಂಬರ್ ೩, ಭಾನುವಾರ

ನಾಸಿಪಾ, ತೀರ್ಮಾನವಾಯಿತು.

ಕಪ್ಪು ಪರದೆಗೆ ಜನ ಓಡಿಹೋಗುತ್ತಾರೆ ಎಂಬುದನ್ನು ನನ್ನ ಕಣ್ಣಿಗೇ ತೋರಿಸಿ ಬಾಯಿ ಮುಚ್ಚಿಸಬೇಕೆಂದು ತೊಲ್ಕುನ್‌ಬೆಕ್ ಒಂದು ಪರೀಕ್ಷೆ ಇಟ್ಟ. ಇಪ್ಪತ್ತು ಹೆಂಗಸರನ್ನು ಶಾಲೆಯ ಸಭಾಂಗಣಕ್ಕೆ ಕರೆಸಿ ಕೈಗೊಂದು ಫೋನ್ ಕೊಟ್ಟರು. ಯಾರು ಯಾವ ಪರದೆಯಲ್ಲಿದ್ದಾರೆ ಎಂಬುದು ಬೆಗಾಯಿಮ್‌ಳ ಕಂಪ್ಯೂಟರಿನಲ್ಲಿ ಹಸಿರು ಚುಕ್ಕೆಗಳಾಗಿ ಕಾಣುತ್ತಿತ್ತು. ಸಮಿತಿಯ ಮೂವರೂ ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ನಾನು ಕಿಟಕಿಯ ಬಳಿ ಜಪಮಾಲೆ ಹಿಡಿದು ನಿಂತಿದ್ದೆ.

ಆರನೆಯ ಪಾಠದವರೆಗೆ ನಗು, ಹರಟೆ, ಒಬ್ಬರ ಫೋನಿಗೆ ಇನ್ನೊಬ್ಬರು ಇಣುಕುವುದು. ಏಳನೆಯದರಲ್ಲಿ ಎಲ್ಲರೂ ಜಾಣೆಯರೇ: "ನಂಗೊತ್ತು, ನೀಲಿ ಹೋಗ್ಲಿ, ನೀಲಿ ಹೋಗ್ಲಿ" ಎನ್ನುತ್ತ ಕಾದರು. ನೀಲಿ ಹೋಯಿತು. ಇಪ್ಪತ್ತು ಬೆರಳುಗಳು ತಗಡು ತಳ್ಳಿದುವು. ಇಪ್ಪತ್ತು ಪರದೆಗಳು ಒಂದೊಂದಾಗಿ ಕಪ್ಪಾದುವು. ನನ್ನ ದನಿ ಇಪ್ಪತ್ತು ಫೋನುಗಳಿಂದ ಹಿಂದುಮುಂದಾಗಿ ಎದ್ದಿತು. ನನ್ನ ಆಯುಷ್ಯದಲ್ಲಿ ಅಷ್ಟು ದೀರ್ಘವಾದ ನಿಮಿಷವನ್ನು ನಾನು ಕಂಡಿಲ್ಲ.

ದಪ್ಪ ಶಾಲು ಹೊದ್ದ ಒಬ್ಬಾಕೆ ಫೋನನ್ನು ಬೆಂಚಿನ ಮೇಲಿಟ್ಟು ಎದ್ದಳು.

"ಎಲ್ಲಿಗಕ್ಕ? ಇನ್ನೂ ಮುಗ್ದಿಲ್ಲ," ಎಂದ ತೊಲ್ಕುನ್‌ಬೆಕ್.

"ಮನೇಲಿ ಸೊಸೆ ಒಬ್ಳೇ ಇದ್ದಾಳೆ. ಮಗು ಒಲೆ ಪಕ್ಕಾನೇ ಮಲಗಿರುತ್ತೆ. ನಮ್ಮ ತಗಡಿಗೆ ತೂತಿಲ್ಲ."

"ಇನ್ನು ಐದೇ ನಿಮಿಷ ಅಕ್ಕ, ಆಮೇಲೆ ಸರ್ಟಿಫಿಕೇಟ್ ಕೊಡ್ತೀವಿ."

"ನೀನೇ ಇಟ್ಕೋ ಅಪ್ಪ," ಎಂದು ಹೊರಟಳು. ಅವಳ ಹಿಂದೆ ಇನ್ನೊಬ್ಬಳು, ಆಮೇಲೆ ಇಬ್ಬರು. ಒಟ್ಟು ಏಳು ಮಂದಿ ಹೋದರು. ಬೆಗಾಯಿಮ್‌ಳ ಕಂಪ್ಯೂಟರಿನಲ್ಲಿ ಏಳು ಚುಕ್ಕೆಗಳು ಕೆಂಪಾದುವು. ಒಂದೊಂದರ ಎದುರಿಗೂ "ಪೂರ್ಣಗೊಳಿಸಲಿಲ್ಲ" ಎಂಬ ಬರಹ ಬಂದಿತು.

ತೊಲ್ಕುನ್‌ಬೆಕ್ ಆ ಬರಹವನ್ನು ಬಹಳ ಹೊತ್ತು ನೋಡಿದ. ನಾನು ಹೇಳಬೇಕಾದುದೆಲ್ಲ ಬಾಗಿಲಿನಿಂದ ಹೊರಗೆ ನಡೆದುಹೋಗಿತ್ತು. ಹಿಂದಿನ ಸಾಲಿನಿಂದ ಮೈರಂಬೆಕ್ ಎದ್ದು, ಟೋಪಿ ಹಾಕಿಕೊಂಡು, ಆ ಶಾಲಿನವಳ ಮನೆ ಎಲ್ಲಿ ಎಂದು ಕೇಳಿದ. ಅದು ಅವನೇ ಕಟ್ಟಿದ ಒಲೆಯಂತೆ. ಹೋಗುವಾಗ ನನ್ನ ಮುಂದೆ ನಿಂತು, "ಕೈಮೇಲೆ ಏಟು ನಾನೂ ಕೊಡಬಹುದಾ ಉಸ್ತಾ, ಈಗ?" ಎಂದ. ಕೈ ಚಾಚಿದೆ. ಹೊಡೆಯದೆ ಅದನ್ನು ಹಿಡಿದುಕೊಂಡು ಒಂದು ಕ್ಷಣ ನಿಂತು ಹೊರಟುಹೋದ.

ತೊಲ್ಕುನ್‌ಬೆಕ್ ಆ ಸಂಜೆಯೇ ಮಂಜೂರಾತಿ ಕೊಟ್ಟ. ಮೇಲಿನವರಿಗೆ ಏನೆಂದು ಬರೆಯುವನೋ ಅದು ಅವನ ಕಷ್ಟ. ನಾನು ಒಪ್ಪಿಗೆಯ ಪತ್ರಕ್ಕೆ ಸಹಿ ಹಾಕಿದೆ. ಏಳನೆಯ ಪಾಠವು ನನ್ನ ಹೆಸರು, ನನ್ನ ದನಿ, ಕತ್ತಲೆಯ ಪೂರ್ತಿ ಒಂದು ನಿಮಿಷದೊಡನೆ ಶುಕ್ರವಾರ ಹೊರಟಿದೆ. ಜುಮ್ಮಾ ನಮಾಜಿನ ನಂತರ ಇಬ್ಬರು ನನ್ನ ಸಲಾಮಿಗೆ ಉತ್ತರ ಕೊಡಲಿಲ್ಲ. ಮೂವರು ಡ್ರಿಲ್ ಎಲ್ಲಿ ಸಿಗುತ್ತದೆಂದು ಕೇಳಿದರು. ಇಬ್ಬರಿಗೂ ಮೂವರಿಗೂ ಒಳ್ಳೆಯದಾಗಲಿ. ಬೆಗಾಯಿಮ್ ಕೆಲಸದಲ್ಲಿದ್ದಾಳೆ, ನನ್ನ ವಾಕ್ಯಗಳನ್ನು ಇನ್ನೂ ಕತ್ತರಿಸುತ್ತಿದ್ದಾಳೆ.

ನಿನ್ನ ತಾಯಿ ಒಣಗಿಸಿದ ಏಪ್ರಿಕಾಟ್ ಮತ್ತು ಒಣಮೊಸರಿನ ಕುರುತ್ ಉಂಡೆಗಳ ಗಂಟು ಕಟ್ಟಿದ್ದಾಳೆ, ಪತ್ರದ ಜೊತೆಯಲ್ಲಿಯೇ ಬರುತ್ತವೆ. ನಿನ್ನ ಬೆರಳುಗಳಿಗೆ ಸೂಜಿ ತಾಗದಿರಲಿ, ನಿನ್ನ ಮನೆಯ ಬಾಗಿಲಿಗೆ ಒಳ್ಳೆಯ ಹೆಜ್ಜೆಗಳೇ ಬರಲಿ, ನೀನು ಒಳಗೇ ಅದುಮಿಕೊಂಡ ದುಃಖವನ್ನೆಲ್ಲ ಬಲ್ಲವನು ನಿನಗೆ ಅದರ ಎರಡರಷ್ಟು ನೆಮ್ಮದಿಯನ್ನು ಕೊಡಲಿ. ಆಮೀನ್.

ನಿನ್ನ ತಂದೆ,
ಜುಮಾದಿಲ್

ಮತ್ತೊಂದು ಮಾತು. ಎಲ್ಲಕ್ಕೂ ಮೊದಲು ಬರೆಯಬೇಕಾಗಿದ್ದುದು ಇದೇ. ಹದಿನಾಲ್ಕು ದಿನ ಬರೆದರೂ ಕೈ ಇಲ್ಲಿಗೆ ಬರಲಿಲ್ಲ. ೨೦೧೨ರ ಫೆಬ್ರವರಿಯ ಆ ಬೆಳಗ್ಗೆ ಅತ್‌ಬಾಷಿಯ ನಿನ್ನ ಗಂಡನ ಮನೆಯಿಂದ ನಿನ್ನನ್ನು ಹೊರಗೆಳೆದು ಬದುಕಿಸಿದರು; ನಿನ್ನ ಮೂರು ವರ್ಷದ ತಿಲೆಕ್ ಬದುಕಲಿಲ್ಲ. ಆ ಒಲೆಯನ್ನು ನಿನ್ನ ಮದುವೆಯ ಉಡುಗೊರೆಯಾಗಿ ಕಟ್ಟಿದವನು ನಾನು. ತೂತಿಲ್ಲದ ತಗಡು ಹಾಕಿದವನು ನಾನು. "ನೀಲಿ ಪೂರ್ತಿ ಹೋಗಿತ್ತಪ್ಪ, ನಾನು ಕಣ್ಣಾರೆ ನೋಡಿ ತಳ್ಳಿದೆ" ಎಂದು ಆಸ್ಪತ್ರೆಯಲ್ಲಿ ನೀನು ನನಗೆ ಹೇಳಿದೆ. ತನಿಖೆಯವರು ಬಂದು, ಉಸ್ತಾ ಎಂದು ನನ್ನ ಅಭಿಪ್ರಾಯ ಕೇಳಿದರು. "ನೀಲಿ ಹೋಗಿದ್ರೆ ಹೊಗೆ ಬರೋದೇ ಇಲ್ಲ. ಹುಡುಗಿ ಅವಸರ ಮಾಡಿದ್ದಾಳೆ" ಎಂದೆ. ಅವರು ಬರೆದುಕೊಂಡರು, ನಾನು ಸಹಿ ಹಾಕಿದೆ. ಆ ಒಂದು ಸಾಲಿನ ಬಲದಿಂದ ನಿನ್ನ ಅತ್ತೆ ನಿನ್ನನ್ನು ಹೊರಗೆ ಹಾಕಿದಳು, ಊರು ನಿನ್ನನ್ನು ಮಗುವನ್ನು ಕೊಂದವಳೆಂದಿತು.

ಕಳೆದ ಗುರುವಾರ ನಾನು ಅತ್‌ಬಾಷಿಗೆ ಹೋಗಿದ್ದೆ. ನನ್ನ ಹಳೆಯ ಹೇಳಿಕೆ ಸುಳ್ಳೆಂದು ಬರೆದು, ಇಬ್ಬರು ಸಾಕ್ಷಿಗಳ ಸಹಿಯೊಡನೆ ತನಿಖೆಯವರ ಕಚೇರಿಗೆ ಕೊಟ್ಟೆ. ಆಮೇಲೆ ನಿನ್ನ ಅತ್ತೆಯ ಮನೆಗೆ ಹೋದೆ. ಅವಳು ನನ್ನ ಮುಖ ನೋಡಿ ಬಾಗಿಲು ಹಾಕಿಕೊಂಡಳು. ಮುಚ್ಚಿದ ಬಾಗಿಲಿಗೇ, ನೆರೆಹೊರೆಯವರು ಅಂಗಳಕ್ಕೆ ಬರುವವರೆಗೆ, ಗಟ್ಟಿಯಾಗಿ ಮೂರು ಸಲ ಹೇಳಿ ಬಂದೆ. ಅವರಿಗೆ ಹೇಳಿದ್ದನ್ನೇ ನಿನಗೂ ಬರೆಯುತ್ತಿದ್ದೇನೆ. ಕ್ಷಮೆಯನ್ನು ಕೇಳುತ್ತಿಲ್ಲ, ಕೇಳುವ ಹಕ್ಕು ನನಗಿಲ್ಲ.

ನಾಸಿಪಾ, ನೀನು ಅವಸರ ಮಾಡಲಿಲ್ಲ.